ಸೆಂಟು ಹತ್ತಿದ ರೊಟ್ಟಿ

ರೊಟ್ಟಿ ವಾಪಸು ಬಂದ ದಿನ ದುರ್ಗಾದೇವಿ ಮನೆಯಲ್ಲಿ ಬೇರೆ ಅಡುಗೆ ಮಾಡಲಿಲ್ಲ. ಗಂಟನ್ನು ಪಡಸಾಲೆಯ ನಡುವೆ ಕುಕ್ಕಿ, ಹಸಿದವರು ಇದನ್ನೇ ತಿನ್ನಿ ಎಂದು ಹೇಳಿ ಗೋಡೆಗೆ ಒರಗಿ ಕುಳಿತಳು. ನಸುಕಿನಲ್ಲಿ ಎದ್ದು, ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಹೊಗೆ ಕುಡಿಯುತ್ತ ಬಡಿದ ರೊಟ್ಟಿ ಅವು. ಒಂದೂ ಮುರಿದಿರಲಿಲ್ಲ, ಒಂದೂ ಸೀದಿರಲಿಲ್ಲ. ಹೇಗೆ ಹೋಗಿದ್ದವೋ ಹಾಗೆಯೇ ತಿರುಗಿ ಬಂದಿದ್ದವು.

ತಂದವನು ಗಂಡ ದೇವಿಂದ್ರ. ಗುತ್ತಿಗೆಯ ಮೇಲೆ ಜೀಪು ಓಡಿಸುತ್ತಿದ್ದವನಿಗೆ ಗುತ್ತಿಗೆ ಮುಗಿದ ಮೇಲೆ ಉಳಿದದ್ದು ಒಂದೇ ಕೆಲಸ. ಹೆಂಡತಿಯ ರೊಟ್ಟಿ ಗಂಟನ್ನು ಶಹಾಪುರ ಬಸ್‌ಸ್ಟ್ಯಾಂಡಿನ ಹತ್ತಿರವಿರುವ ಮಲ್ಲಣ್ಣನ ಖಾನಾವಳಿಗೆ ಮುಟ್ಟಿಸುವುದು. ಅದನ್ನೂ ಅವನು ದೊಡ್ಡ ಉಪಕಾರ ಮಾಡಿದವನ ಹಾಗೆ ಮಾಡುತ್ತಿದ್ದ.

“ನಾತ ಬರ್ತಾವಂತ,” ಎಂದ. “ರೊಟ್ಟಿ ಸೆಂಟ್ ಹೊಡ್ಯಾಕತ್ತಾವಂತ. ಉಣ್ಣಾಕ ಕುಂತವ್ರು ತಾಟ್ ಬಿಟ್ಟು ಎದ್ದಾರಂತ.”

ದುರ್ಗಾದೇವಿ ಗಂಟು ಬಿಚ್ಚಿ ಅರಿವೆಯನ್ನು ಮೂಗಿಗೆ ಹಿಡಿದಳು. ಸುಳ್ಳಲ್ಲ, ಬರುತ್ತಿತ್ತು. ರೊಟ್ಟಿ ಕಟ್ಟಿದ್ದ ಅರಿವೆ ಮಾವ ಅಮಾತೆಪ್ಪನ ಹಳೆಯ ಧೋತರ. ಈ ಕಡೆಯ ಮನೆಗಳಲ್ಲಿ ರೊಟ್ಟಿಗೆ ಧೋತರವೇ ಆಗಬೇಕು. ಒಗೆದು ಒಗೆದು ಮೆತ್ತಗಾದ ಹಳೆಯ ಧೋತರವನ್ನು ಹಾಸಿ, ಹಂಚಿನಿಂದ ಇಳಿಸಿದ ರೊಟ್ಟಿಯನ್ನು ಅದರ ಮೇಲೆ ಆರಹಾಕಿ, ಅದರಲ್ಲೇ ಕಟ್ಟಿಡುತ್ತಾರೆ. ರೊಟ್ಟಿ ಬೆವರುವುದಿಲ್ಲ, ಬೂಸ್ಟು ಹಿಡಿಯುವುದಿಲ್ಲ. ತಲೆಮಾರುಗಳಿಂದ ಯಾವ ಮನೆಗೂ ಇದರಿಂದ ತೊಂದರೆ ಆಗಿರಲಿಲ್ಲ, ಯಾಕೆಂದರೆ ಯಾವ ಮನೆಯ ಹಿರಿಯನೂ ಧೋತರಕ್ಕೆ ಆ ಸೆಂಟು ಹಾಕಿಕೊಂಡವನಲ್ಲ.

ಆ ಸೆಂಟಿನ ವಿಷಯ ಹೇಳಲೇಬೇಕು. ಸುರಪುರದ ಆಚೆಯ ಹಳ್ಳಿಯವನಾದ ಅಮಾತೆಪ್ಪ ನೌಕರಿಯನ್ನೆಲ್ಲ ಕಾಲುವೆ ಗೇಟುಗಳ ಮೇಲೆ ಕಳೆದು, ನಾರಾಯಣಪುರದ ಕ್ವಾರ್ಟರ್ಸಿನಲ್ಲಿ ಮಗನನ್ನು ಬೆಳೆಸಿ, ನಿವೃತ್ತನಾದ ಮೇಲೆ ಶಹಾಪುರದ ಹೊಸ ಬಡಾವಣೆಯಲ್ಲಿ ಬಾಡಿಗೆ ಮನೆ ಹಿಡಿದಿದ್ದ. ಅವನಿಗೆ ಮೀಸೆ ಕಪ್ಪಿದ್ದ ಕಾಲದಲ್ಲಿ ಮುಂಬಯಿ ಕಡೆಯ ಒಬ್ಬ ಎಂಜಿನಿಯರ್ ಸಾಹೇಬರು ವರ್ಗವಾಗಿ ಹೋಗುವಾಗ ಅರ್ಧ ಉಳಿದಿದ್ದ ಒಂದು ಬಾಟಲಿ ಕೊಟ್ಟು ಹೋದರು. ಹಾಲಿನಂಥ ಬಿಳಿ ಬಾಟಲಿ, ಮೇಲೆ ಫ್ರಾನ್ಸ್ ದೇಶದ ಹೆಸರು. ಆ ಹೆಸರನ್ನು ಓದಲು ಅವನಿಗೆ ಅಂದೂ ಬರಲಿಲ್ಲ, ಇಂದೂ ಬರುವುದಿಲ್ಲ.

ಮೊದಲ ಉಸಿರಿಗೆ ಸಾಬೂನು, ಎರಡನೆಯದಕ್ಕೆ ಜೇನು, ಆಮೇಲೆ ಹೋತಿನ ನಾತ. ಆ ಸೆಂಟು ಅಂಥದ್ದು. ಬಸ್ಸಿನಲ್ಲಿ ಅವನ ಪಕ್ಕ ಕುಳಿತವರಲ್ಲಿ ಅರ್ಧ ಜನ ಇದೆಲ್ಲಿ ಸಿಗುತ್ತದೆ ಎಂದು ಕೇಳುತ್ತಿದ್ದರು, ಇನ್ನರ್ಧ ಜನ ಮೂಗಿಗೆ ಸೆರಗೋ ಟವೆಲ್ಲೋ ಅಡ್ಡ ಹಿಡಿದು ಬೇರೆ ಸೀಟು ಹುಡುಕುತ್ತಿದ್ದರು. ಪರವಾಗಿಲ್ಲ ಎಂದವನು ಒಬ್ಬನೂ ಇಲ್ಲ. ಹೆಂಡತಿ ಲಾಲಮ್ಮ ಮೊದಲ ದಿನವೇ, ಹೋತಿನ ದೊಡ್ಡಿಯಲ್ಲಿ ಊದಿನಕಡ್ಡಿ ಹಚ್ಚಿದ ಹಾಗಿದೆ ಎಂದಿದ್ದಳು. ಆ ಅಭಿಪ್ರಾಯವನ್ನು ಅವಳು ಇವತ್ತಿಗೂ ಬದಲಿಸಿಲ್ಲ.

ಆದರೆ ಅಮಾತೆಪ್ಪ ಬಿಡಲಿಲ್ಲ. ಆ ಸೆಂಟು ಹಾಕಿಕೊಂಡು ಕಚೇರಿಯ ವರಾಂಡದಲ್ಲಿ ನಡೆದರೆ ಒಳಗಿನ ಗುಮಾಸ್ತರು ಸಾಹೇಬರು ಬಂದರೆಂದು ಎದ್ದು ನಿಲ್ಲುತ್ತಿದ್ದರು. ಬಾಗಿಲಲ್ಲಿ ಅವನ ಮುಖ ಕಂಡ ಮೇಲೆ ಬೈದು ಕುಳಿತುಕೊಳ್ಳುತ್ತಿದ್ದರು. ಎದ್ದು ನಿಂತದ್ದಕ್ಕೂ ಮತ್ತೆ ಕುಳಿತದ್ದಕ್ಕೂ ನಡುವೆ ಒಂದು ಕ್ಷಣ ಇರುತ್ತಿತ್ತಲ್ಲ, ಅದಕ್ಕಾಗಿ ಅವನು ಜೀವಮಾನವಿಡೀ ಆ ಬಾಟಲಿ ತರಿಸಿದ. ಯಾದಗಿರಿ ಸ್ಟೇಷನ್ ಹತ್ತಿರ ಅತ್ತರಿನ ಅಂಗಡಿ ಇಟ್ಟಿದ್ದ ಮಸ್ತಾನಸಾಬ ಹೈದರಾಬಾದಿನಿಂದ ಹಳೆಯ ಮಾಲು ಹುಡುಕಿ ತಂದು ಕೊಡುತ್ತಿದ್ದ. ಪಿಂಚಣಿ ಬಂದ ವಾರ ಅಮಾತೆಪ್ಪ ಯಾದಗಿರಿಗೆ ಹೋಗುವುದನ್ನು ಮನೆಯಲ್ಲಿ ಯಾರೂ ತಡೆಯಲು ಆಗಿರಲಿಲ್ಲ.

ಈಗ ತಡೆಯುವವಳು ಹುಟ್ಟಿಕೊಂಡಳು. ದುರ್ಗಾದೇವಿಗೆ ಈ ರೊಟ್ಟಿ ಬರೀ ರೊಟ್ಟಿ ಅಲ್ಲ. ಮದುವೆಯಾದಾಗಿನಿಂದ ಬಳೆಗೂ ಗಂಡನ ಕೈ ನೋಡಿದವಳಿಗೆ, ತಾನು ದುಡಿದದ್ದು ಎಂದು ಹೇಳಿಕೊಳ್ಳಲು ಸಿಕ್ಕ ಮೊದಲ ಕೆಲಸ ಇದು. ಪಕ್ಕದ ಮನೆಯ ಶಾಂಭವಿ ಖಾನಾವಳಿಗೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟಿ ಕೊಡುತ್ತಿದ್ದಳು. ಅವಳೇ ಮಲ್ಲಣ್ಣನಿಗೆ ಹೇಳಿ ಹಚ್ಚಿಕೊಟ್ಟಿದ್ದಳು. ತೆಳ್ಳಗೆ, ಅಂಚು ಒಡೆಯದ ಹಾಗೆ ಬಡಿಯುವ ಕೈ ದುರ್ಗಾದೇವಿಯದು, ಮಲ್ಲಣ್ಣ ಮೆಚ್ಚಿಕೊಂಡಿದ್ದ. ಇನ್ನೊಂದು ಒಲೆ ಹಾಕಬೇಕು, ಅತ್ತೆಯನ್ನೂ ಕೂರಿಸಿಕೊಳ್ಳಬೇಕು ಎಂದು ಅವಳು ಲೆಕ್ಕ ಹಾಕುತ್ತಿದ್ದ ಹೊತ್ತಿನಲ್ಲೇ ಈ ಗಂಟು ತಿರುಗಿ ಬಂದಿತ್ತು.

ಹಿಂದಿನ ದಿನ ದೇವಿಂದ್ರನ ಗಾಡಿ ಪಂಕ್ಚರ್ ಆಗಿ, ಗಂಟನ್ನು ಅಮಾತೆಪ್ಪನೇ ಹೊತ್ತು ಹೋಗಿದ್ದ. ಸೊಸೆಯ ವ್ಯವಹಾರಕ್ಕೆ ಹೋಗುವುದೆಂದು ಇಸ್ತ್ರಿ ಅಂಗಿ ತೊಟ್ಟು, ಕುತ್ತಿಗೆಗೆ ಎರಡು ಸಲ ಸೆಂಟು ಹೊಡೆದುಕೊಂಡಿದ್ದ. ಮಲ್ಲಣ್ಣ ಕೂರಿಸಿ ಮಾತಾಡಿಸಿದ, ಯಾವ ಊರು, ಯಾರ ಪೈಕಿ, ಎಲ್ಲ ಕೇಳಿದ, ಚಹಾ ಕುಡಿಸಿದ ಎಂದು ಬಂದು ಹೇಳಿದ್ದ. ಮರುದಿನವೇ ನಾತ ಶುರುವಾಯಿತು. ಇನ್ನೇನು ಬೇಕು ಸಾಕ್ಷಿಗೆ?

“ಮಾವ, ಇದನ್ನ ಮೂಸಿ ನೋಡ್ರಿ,” ಎಂದು ಅವಳು ಧೋತರವನ್ನು ಅವನ ಮುಂದೆ ಹಿಡಿದಳು.

ಅಮಾತೆಪ್ಪ ಮೂಸಿದ. “ಛಲೋನ ಅದ,” ಎಂದ.

“ಛಲೋ ಅದ ಅಂತ ರೊಟ್ಟಿಗಿ ಹಚ್ಕೊಂಡು ತಿಂತಾರೇನ್ರಿ ಯಾರರ?”

ಅಲ್ಲಿಂದ ಜಗಳ ಹತ್ತಿತು. ದೇವಿಂದ್ರ ಅರಿವೆ ಒಗೆದ ತಾಯಿಯ ಮೇಲೆ ಹಾಕಿದ. ಲಾಲಮ್ಮ, ಕಲ್ಲಿಗೆ ಬಡಿದು ಬಡಿದು ತನ್ನ ರಟ್ಟೆ ಬಿದ್ದುಹೋಗಿವೆ, ಹೋಗದ ನಾತಕ್ಕೆ ತಾನೇನು ಮಾಡಲಿ, ಆ ಸೆಂಟಿನಿಂದ ತಾನು ಪಟ್ಟದ್ದು ಯಾರಿಗೆ ಗೊತ್ತು ಎಂದು ಮದುವೆಯ ಕಾಲದಿಂದ ಶುರು ಮಾಡಿದಳು. ಅಮಾತೆಪ್ಪನಿಗೆ ಸಿಟ್ಟು ಬಂದದ್ದು ಆಗ.

“ನನ್ನ ಪಿಂಚಣಿ, ನನ್ನ ಸೆಂಟ್. ಯಾರಪ್ಪನ ಮನಿ ರೊಕ್ಕ ಅಲ್ಲ.”

“ಖರೇ ಅದ್ರಿ,” ಎಂದಳು ದುರ್ಗಾದೇವಿ. “ನಿಮ್ಮ ಪಿಂಚಣಿ ಸೆಂಟಿಗಿ ಹೋಗ್ತದ, ಈ ಮನಿ ನನ್ನ ರೊಟ್ಟಿ ಮ್ಯಾಲ ನಡೀತದ. ಎರಡ್ರಾಗ ಯಾವ್ದು ನಿಂದ್ರಬೇಕು ನೀವ ಹೇಳ್ರಿ.”

ಮಾವನಿಗೆ ಹಾಗೆ ಎದುರಾಡಿದ ಮೊದಲ ಮಾತು ಅದು. ಹೇಳಿದ ಮೇಲೆ ಅವಳಿಗೆ ಹೆದರಿಕೆಯೂ ಆಯಿತು, ಹಗುರವೂ ಆಯಿತು. ಅಮಾತೆಪ್ಪ ಚಪ್ಪಲಿ ಮೆಟ್ಟಿ ಹೊರಗೆ ಹೋದ.

ಅವಳು ಹೊಸ ಮಾದರಪಾಟು ಅರಿವೆ ತಂದು, ಬಿಸಿನೀರಲ್ಲಿ ಕುದಿಸಿ ಒಣಗಿಸಿ, ಅದರಲ್ಲಿ ರೊಟ್ಟಿ ಕಟ್ಟಿ ಕಳಿಸಿದಳು. ಅದೂ ವಾಪಸು ಬಂತು. ಇನ್ನೂ ನಾತ ಇದೆಯಂತೆ. ಹಿಟ್ಟಿನ ಡಬ್ಬಿಗೇ ಹತ್ತಿರಬೇಕು ಎಂದು ಡಬ್ಬಿ ತಿಕ್ಕಿ ಬಿಸಿಲಿಗಿಟ್ಟಳು, ಹಳೆಯ ಹಿಟ್ಟು ಮನೆಗೆ ಬಳಸಿ ಹೊಸ ಜೋಳ ಬೀಸಿಸಿದಳು. ಮತ್ತೆ ಕಳಿಸಿದಳು, ಮತ್ತೆ ವಾಪಸು. ಮನೆಯವರು ಮೂರು ಹೊತ್ತೂ ವಾಪಸು ಬಂದ ರೊಟ್ಟಿಯನ್ನೇ ಮುರಿದು ಬೇಳೆಯಲ್ಲಿ ಅದ್ದಿ ತಿಂದರು. ಉಳಿದದ್ದನ್ನು ಲಾಲಮ್ಮ ಪುಡಿ ಮಾಡಿ ಒಗ್ಗರಣೆ ಹಾಕಿದಳು, ಅದನ್ನೂ ತಿಂದರು.

ಕೊನೆಗೆ ದುರ್ಗಾದೇವಿ ತಾನೇ ಖಾನಾವಳಿಗೆ ಹೋದಳು. ಮಲ್ಲಣ್ಣ ಹಣೆ ತುಂಬ ವಿಭೂತಿ ಬಳಿದ, ಎಂದೂ ದನಿ ಏರಿಸದ ಮನುಷ್ಯ. ಅವಳನ್ನು ಕಂಡೊಡನೆ ಗಲ್ಲಾ ಬಿಟ್ಟು ಮೆಟ್ಟಿಲಿಳಿದು ರಸ್ತೆಗೇ ಬಂದ. ಒಳಗೆ ಸೆಕೆ, ಇಲ್ಲೇ ಮಾತಾಡೋಣ ಎಂದ. ನಿನ್ನ ಕೈಗುಣ ದೊಡ್ಡದು ತಂಗಿ, ಆದರೆ ಗಿರಾಕಿಗಳು ಒಪ್ಪುವುದಿಲ್ಲ, ಉಣ್ಣುವ ಪದಾರ್ಥ ನೋಡು, ಮೊದಲು ಮನೆ ಸ್ವಚ್ಛ ಮಾಡಿಕೋ ಎಂದು ಬೆಣ್ಣೆಯಂತೆ ಹೇಳಿ ಕಳಿಸಿದ. ಎಷ್ಟು ಒಳ್ಳೆಯವನು, ತಪ್ಪೆಲ್ಲ ನಮ್ಮ ಮನೆಯದೇ ಎಂದುಕೊಂಡು ಅವಳು ದಾರಿಯುದ್ದಕ್ಕೂ ಮಾವನ ಮೇಲೆ ಹಲ್ಲು ಕಡಿಯುತ್ತ ಬಂದಳು.

ಅಂದಿನಿಂದ ಮನೆಯಲ್ಲಿ ಕಟ್ಟಳೆ ಬಂತು. ಅಮಾತೆಪ್ಪನ ಬಟ್ಟೆ ಬೇರೆ ಬಕೀಟಿನಲ್ಲಿ ನೆನೆಯಬೇಕು, ಬೇರೆ ತಂತಿಯ ಮೇಲೆ ಒಣಗಬೇಕು. ಅವನ ಹಾಸಿಗೆ ಪಡಸಾಲೆಯಿಂದ ಮುಂದಿನ ಛಪ್ಪರಕ್ಕೆ ಹೋಯಿತು. ಅಡುಗೆ ಮನೆಯ ಹೊಸ್ತಿಲು ಅವನು ದಾಟುವಂತಿಲ್ಲ, ಕುಡಿಯುವ ನೀರಿನ ಕೊಡಕ್ಕೆ ಕೈ ಹಾಕುವಂತಿಲ್ಲ, ಕೇಳಿದರೆ ಯಾರಾದರೂ ಬಗ್ಗಿಸಿ ಕೊಡುತ್ತಾರೆ. ಊಟದ ತಾಟು ಹೊರಗಿನ ಕಟ್ಟೆಯ ಮೇಲೆ. ಉಂಡ ತಾಟನ್ನು ಅವನೇ ತೊಳೆದು ಅಲ್ಲೇ ಬೋರಲು ಹಾಕಬೇಕು, ಉಳಿದ ಪಾತ್ರೆಯೊಳಗೆ ಸೇರುವುದು ಬೇಡ.

ದಿನಗಳು ಕಳೆದಂತೆ ಈ ಕಟ್ಟಳೆ ಮನೆಗೆ ಅಭ್ಯಾಸವಾಯಿತು. ದುರ್ಗಾದೇವಿ ತಾಟನ್ನು ಕಟ್ಟೆಯ ಮೇಲಿಟ್ಟು, ಮಾವನಿಗೆ ತಾಗದಂತೆ ಸೀರೆ ಸರಿಸಿಕೊಂಡು ಒಳಗೆ ಬರುತ್ತಿದ್ದಳು. ಅವನು ಎರಡನೇ ಸಲ ಪಲ್ಯ ಕೇಳಿದರೆ, ನೀರು ಕೇಳಿದರೆ, ಮೇಲಿಂದಲೇ ಹಾಕುತ್ತಿದ್ದಳು. ಅಷ್ಟು ಹೊತ್ತಿಗೆ ಲಾಲಮ್ಮನ ಹುರುಪು ಇಳಿದಿತ್ತು. ಸೆಂಟು ಬೈಯುವುದಕ್ಕೆ ಸೊಸೆಯ ಜೊತೆ ನಿಂತವಳು ಗಂಡ ಬಿಸಿಲಲ್ಲಿ ಕುಳಿತು ತಾಟು ತೊಳೆಯುವುದನ್ನು ನೋಡಿ, ಒಂದು ದಿನ ಬಾಯಿ ಬಿಟ್ಟಳು.

“ಇಷ್ಟು ಯಾಕ ಮಾಡ್ತಿ? ಮನಿ ಮನಶಾ ಅದಾನ ಅಂವ.”

“ರೊಟ್ಟಿ ನಿಂತ್ರ ನಾಳಿಗಿ ಏನ್ ಉಣ್ತೀರಿ ಅತ್ತಿ? ಸೆಂಟ್ ಕುಡೀತೀರೇನು?”

ದೇವಿಂದ್ರ ಎಂದಿನಂತೆ ಮೊಬೈಲು ನೋಡುತ್ತ ಕುಳಿತಿದ್ದ, ತಲೆ ಎತ್ತಲಿಲ್ಲ.

ಒಂದು ಮುಂಜಾನೆ ಅಮಾತೆಪ್ಪ ಬಾಟಲಿ ಹಿಡಿದು ಹೊರಗೆ ಬಂದ. ಮಸ್ತಾನಸಾಬ ಹೋದ ಸಲ ಕೊಟ್ಟಿದ್ದ ಬಾಟಲಿ, ಮುಕ್ಕಾಲು ಇತ್ತು. ಅದರ ಮೂತಿಯನ್ನು ಇಕ್ಕಳದಿಂದ ಹಿಂಡಿ ಕಿತ್ತು, ಮನೆಯ ಮುಂದಿನ ಗಟಾರಕ್ಕೆ ಎಲ್ಲವನ್ನೂ ಸುರಿದ. ಓಣಿಯೆಲ್ಲ ಘಮ್ಮೆಂದಿತು. ಎದುರು ಮನೆಯ ಹೆಂಗಸು ಬಾಗಿಲು ಹಾಕಿಕೊಂಡಳು, ಮೇಲಿನ ಮನೆಯ ಮಾಸ್ತರರು ಇದು ಯಾವ ಅತ್ತರು ಎಂದು ಕೇಳುತ್ತ ಇಳಿದು ಬಂದರು. ಅಮಾತೆಪ್ಪ ಬಾಟಲಿಯನ್ನು ಪುರಸಭೆಯ ಕಸದ ಗಾಡಿಗೆ ಎಸೆದು, ಬಟ್ಟೆ ಒಗೆಯುವ ಸಾಬೂನಿನಿಂದ ಮೈ ತಿಕ್ಕಿಕೊಂಡು ಸ್ನಾನ ಮಾಡಿದ.

ದುರ್ಗಾದೇವಿಗೆ ಸಂತೋಷವಾಯಿತು. ಸುಳ್ಳು ಯಾಕೆ ಹೇಳಬೇಕು, ಗೆದ್ದೆ ಅನ್ನಿಸಿತು. ಆದರೂ ಕಟ್ಟಳೆಯನ್ನು ಅವಳು ಕೂಡಲೇ ಸಡಿಲಿಸಲಿಲ್ಲ, ಮೈಯಲ್ಲಿ ಇನ್ನೂ ಉಳಿದಿರುತ್ತದೆ ಎಂದಳು. ಕೆಲವು ದಿನ ಕಳೆದ ಮೇಲೆ ಲಾಲಮ್ಮ ಗಂಡನ ಹತ್ತಿರ ಹೋಗಿ ನೋಡಿದಳು. ಬರೀ ಮುದುಕನ ಮೈವಾಸನೆ. ಜೀವಮಾನವೆಲ್ಲ ಬೈದ ಸೆಂಟು ಹೋಗಿತ್ತು, ಅವಳಿಗೆ ಅದೂ ಸರಿ ಕಾಣಲಿಲ್ಲ.

ಆಮೇಲೆ ಕಳಿಸಿದ ರೊಟ್ಟಿ ಮಧ್ಯಾಹ್ನದೊಳಗೆ ತಿರುಗಿ ಬಂತು.

“ಇನ್ನೂ ಅದಂತ,” ಎಂದ ದೇವಿಂದ್ರ.

ದುರ್ಗಾದೇವಿ ಒಂದೊಂದೇ ರೊಟ್ಟಿ ಎತ್ತಿ ಮೂಗಿಗೆ ಹಿಡಿದಳು. ಜೋಳದ ವಾಸನೆ, ಹಂಚಿನ ವಾಸನೆ. ಅರಿವೆಯನ್ನು ಮೂಸಿದಳು, ಬಿಸಿಲಿನ ವಾಸನೆ. ತನ್ನ ಮೂಗೇ ಸತ್ತಿದೆಯೋ ಏನೋ ಎಂದು ಗೋಡೆಯಾಚೆಯ ಶಾಂಭವಿಯನ್ನು ಕರೆದಳು. ಶಾಂಭವಿ ಮೂಸಿದಳು, ಒಂದು ತುಂಡು ಮುರಿದು ತಿಂದಳು, ಏನೂ ಇಲ್ಲವಲ್ಲ ಎಂದಳು. ಗಂಟನ್ನು ತನ್ನ ಕಡೆ ಎಳೆದುಕೊಂಡು, ಇದನ್ನು ಕೊಡು, ನಾಳೆ ನನ್ನ ಹಿಂಡಿಯ ಜೊತೆ ನಾನೇ ಒಯ್ಯುತ್ತೇನೆ, ನಮ್ಮ ಮನೆಯ ಅರಿವೆಯಲ್ಲಿ ಕಟ್ಟುತ್ತೇನೆ, ನೋಡೋಣ ಎಂದಳು.

ಮರುದಿನ ಶಾಂಭವಿ ಕುಣಿಯುತ್ತ ಬಂದಳು. ಮಲ್ಲಣ್ಣ ಗಲ್ಲಾದಲ್ಲಿ ಕುಳಿತಲ್ಲೇ ಒಂದು ರೊಟ್ಟಿ ಮುರಿದು ತಿಂದನಂತೆ. ಇಷ್ಟು ದಿನ ನೀನೇ ಯಾಕೆ ತರಲಿಲ್ಲ, ಇನ್ನು ದಿನಾ ತಾ ಎಂದನಂತೆ. ಅದೇ ರೊಟ್ಟಿ. ಹಿಂದಿನ ದಿನ ನಾತ ಎಂದು ವಾಪಸು ಕಳಿಸಿದ ಅದೇ ರೊಟ್ಟಿ.

ದುರ್ಗಾದೇವಿಗೆ ಮೊದಲು ಅರ್ಥವಾಗಲಿಲ್ಲ. ಶಾಂಭವಿ ದನಿ ತಗ್ಗಿಸಿ ಬಿಡಿಸಿ ಹೇಳಿದಳು. ಅವಳು ಕೆಟ್ಟವಳಲ್ಲ. ಇವರು ಯಾರ ಪೈಕಿ ಎಂಬುದು ಅವಳಿಗೆ ಮೊದಲಿನಿಂದ ಗೊತ್ತಿತ್ತು, ಮಲ್ಲಣ್ಣನಿಗೆ ಹೇಳಿರಲಿಲ್ಲ, ಅಷ್ಟೇ. ಮಲ್ಲಣ್ಣ ಹೇಗೋ ತಿಳಿದುಕೊಂಡಿದ್ದಾನೆ. ಈಗೇನಾಯಿತು, ನೀನು ಬಡಿ, ನನ್ನ ಹೆಸರಲ್ಲಿ ಹೋಗಲಿ, ರೊಕ್ಕ ನಿನಗೇ ತಂದು ಕೊಡುತ್ತೇನೆ ಎಂದಳು. ದೇವಿಂದ್ರ ಆಗಲೇ ಒಪ್ಪಿಬಿಟ್ಟ. ಹೆಸರು ಯಾರದಾದರೇನು, ರೊಕ್ಕಕ್ಕೆ ಹೆಸರಿದೆಯೇ ಎಂದ. ಲಾಲಮ್ಮನೂ, ಬಾಯಿ ಮುಚ್ಚಿಕೊಂಡು ಮಾಡಿಕೊಂಡು ಹೋಗುವುದೇ ಲೇಸು ಎಂದಳು. ದುರ್ಗಾದೇವಿ ಎದ್ದು ಕಟ್ಟೆಗೆ ಹೋದಳು. ಅಮಾತೆಪ್ಪ ಅಲ್ಲಿ ತನ್ನ ತಾಟು ತೊಳೆಯುತ್ತಿದ್ದ.

“ಅವತ್ತು ಮಲ್ಲಣ್ಣ ನಿಮಗ ಚಹಾ ಕೊಟ್ಟ ಅಂದ್ರಿ. ಏನಾತ್ರಿ ಅಲ್ಲಿ?”

ಅಮಾತೆಪ್ಪ ತಾಟು ಬೋರಲು ಹಾಕಿ ಕೈ ಒರೆಸಿಕೊಂಡ. “ಯಾರ ಪೈಕಿ ಅಂದ. ಹೇಳ್ದೆ. ಎಲ್ಲಾರಿಗೂ ಗಾಜಿನ ಗಿಲಾಸ ಬಂದ್ವು, ನನಗ ಕಾಗದದ ಕಪ್ ಬಂತು.”

“ಹಂಗಾದ್ರ ಅವತ್ತೇ ಗೊತ್ತಿತ್ತು ನಿಮಗ.”

“ಗೊತ್ತಿತ್ತು.”

“ಗೊತ್ತಿದ್ದೂ ಯಾಕ ಸುಮ್ನಿದ್ರಿ? ನಾ ಇಷ್ಟು ಅಂದೆ ನಿಮಗ. ಇಷ್ಟು ಮಾಡ್ದೆ.”

“ಸೆಂಟಿಂದ ಆಗಿದ್ರ ಛಲೋ ಅಂತ ಅನಸ್ತವ್ವ,” ಎಂದ ಅಮಾತೆಪ್ಪ. “ಸೆಂಟಾದ್ರ ಚೆಲ್ಲಬೌದು.”

ದುರ್ಗಾದೇವಿ ಅಳಲಿಲ್ಲ. ಅವಳಿಗೆ ಅಳು ಬರುವ ಹೊತ್ತು ಅಲ್ಲ ಅದು, ಮೈಯೆಲ್ಲ ಉರಿಯುತ್ತಿತ್ತು. ಉರಿ ಮಲ್ಲಣ್ಣನ ಮೇಲೆ ಮಾತ್ರ ಆಗಿದ್ದರೆ ಸುಲಭವಿತ್ತು. ಸೀರೆ ಸರಿಸಿಕೊಂಡು ನಡೆದವಳು ತಾನು, ಮೇಲಿಂದ ನೀರು ಹಾಕಿದವಳು ತಾನು. ಆದರೆ ಅವಳು ಶಾಂಭವಿಗೆ ಆಯಿತು ಎಂದಳು. ಮರುದಿನ ನಸುಕಿನಲ್ಲಿ ಎದ್ದು ಎಂದಿಗಿಂತ ತೆಳ್ಳಗೆ ರೊಟ್ಟಿ ಬಡಿದಳು. ಅದರ ಮರುದಿನವೂ ಬಡಿದಳು. ಖಾನಾವಳಿಯಲ್ಲಿ ಅವು ಖರ್ಚಾಗುವವರೆಗೆ ಬಿಟ್ಟಳು.

ಮೂರನೆಯ ದಿನ ಮಧ್ಯಾಹ್ನ, ಊಟದ ಗದ್ದಲ ಜೋರಾಗಿದ್ದ ಹೊತ್ತಿಗೆ, ಅವಳು ಖಾನಾವಳಿಯ ಮೆಟ್ಟಿಲು ಹತ್ತಿ ಒಳಗೆ ಹೋದಳು. ಮಲ್ಲಣ್ಣ ಗಲ್ಲಾದ ಪಕ್ಕದ ಸಣ್ಣ ಮೇಜಿನಲ್ಲಿ ತಾನೂ ಉಣ್ಣುತ್ತಿದ್ದ. ತಾಟಿನಲ್ಲಿ ಪುಂಡಿಪಲ್ಯ, ಕೈಯಲ್ಲಿ ರೊಟ್ಟಿ. ಅವಳನ್ನು ಕಂಡು ಏಳಲು ಹೋದ, ಎಂಜಲು ಕೈಯಾದ್ದರಿಂದ ಮತ್ತೆ ಕುಳಿತ.

“ಕುಂದರ್ರಿ, ಕುಂದರ್ರಿ,” ಎಂದಳು. “ರೊಟ್ಟಿ ಹೆಂಗ ಅದಾವ್ರಿ ಮಲ್ಲಣ್ಣೋರ?”

“ಛಲೋ ಅದಾವ. ಯಾಕ ತಂಗಿ?”

“ಸೆಂಟ್ ನಾತ ಬರ್ತದೇನ್ರಿ?”

ಮಲ್ಲಣ್ಣ ಅಗಿಯುವುದನ್ನು ನಿಲ್ಲಿಸಿದ. ಬುಟ್ಟಿಯಲ್ಲಿದ್ದ ಶಾಂಭವಿಯ ಅರಿವೆಯ ಗಂಟನ್ನು ಒಮ್ಮೆ ನೋಡಿದ, ಅವಳನ್ನು ಒಮ್ಮೆ ನೋಡಿದ. ಬಾಯಲ್ಲಿದ್ದುದನ್ನು ಉಗುಳುವುದಕ್ಕೆ ಹತ್ತು ಜನ ನೋಡುತ್ತಿದ್ದರು, ನುಂಗುವುದಕ್ಕೆ ಮನಸ್ಸಿರಲಿಲ್ಲ. ತುಂಬಿದ ಬಾಯಲ್ಲೇ, ಬಾ ಹೊರಗೆ ಮಾತಾಡೋಣ ಎಂದ.

“ಹೊರಗ ಭಾಳ ಮಾತಾಡೀವಿ,” ಎಂದಳು ದುರ್ಗಾದೇವಿ. ಅವಳ ದನಿ ಏರಿತ್ತು, ಇಳಿಸುವ ಗರಜು ಅವಳಿಗೆ ಕಾಣಲಿಲ್ಲ. “ಇವು ನಾ ಬಡದ ರೊಟ್ಟಿ. ನಿನ್ನಿ ನೀವು ತಿಂದಿದ್ದೂ ನನ್ನೂವ, ಮೊನ್ನಿ ತಿಂದಿದ್ದೂ ನನ್ನೂವ. ನಿಮ್ಮ ಜಾತಿಯವ್ರ ಕೈ ರೊಟ್ಟಿ ನಮಗ ಬ್ಯಾಡ ಅಂತ ನನ್ನ ಮಾರಿ ನೋಡಿ ಅಂದಿದ್ರ, ನಿಮ್ಮನ್ನ ನಾಕು ಮಾತು ಬೈದು ಮನಿಗಿ ಹೋಗ್ತಿದ್ದೆ. ನೀವು ಸೆಂಟ್ ಅಂದ್ರಿ. ಮನಿ ಸ್ವಚ್ಛ ಮಾಡ್ಕೋ ಅಂದ್ರಿ. ನಿಮ್ಮ ಮಾತು ನಂಬಿ ನಾ ನಮ್ಮ ಮಾವನ್ನ ಹೊರಗ ಕುಂದ್ರಿಸಿ ಉಣಸೀನಿ. ಮ್ಯಾಲಿಂದ ನೀರ್ ಹಾಕೀನಿ. ನೀವು ಮಾಡೂ ಹೊಲಸು ಕೆಲಸಾನ ನನ್ನ ಕೈಲೆ ಮಾಡಿಸೀರಿ.”

ಉಣ್ಣುತ್ತಿದ್ದವರಲ್ಲಿ ಕೆಲವರ ಕೈ ನಿಂತವು. ಇಬ್ಬರು ಎದ್ದು ಕೈ ತೊಳೆಯಲು ಹೋದರು. ಮೂಲೆಯಲ್ಲಿದ್ದ ಲಾರಿಯವನು ತಲೆ ಎತ್ತದೆ 'ಇನ್ನೊಂದು ರೊಟ್ಟಿ' ಎಂದು ಕೂಗಿದ, ಯಾರೂ ತಂದು ಹಾಕಲಿಲ್ಲ. ದುರ್ಗಾದೇವಿ ಬುಟ್ಟಿಯಲ್ಲಿ ಉಳಿದಿದ್ದ ಗಂಟಿನಿಂದ ಒಂದನ್ನು ತೆಗೆದು ಅವನ ತಾಟಿಗೆ ತಾನೇ ಹಾಕಿ, ಉಳಿದದ್ದನ್ನು ಕಂಕುಳಲ್ಲಿ ಇರುಕಿಕೊಂಡು ಮೆಟ್ಟಿಲಿಳಿದಳು. ಮಲ್ಲಣ್ಣ ಬಾಯಲ್ಲಿದ್ದುದನ್ನು ನುಂಗಿದ್ದನ್ನು ಅವಳು ನೋಡಿಯೇ ಹೊರಟದ್ದು.

ಅವಳು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಶಾಂಭವಿ ಬಾಗಿಲಲ್ಲೇ ಕಾದಿದ್ದಳು. ಉಪಕಾರ ಮಾಡಲು ಬಂದವಳ ಅನ್ನಕ್ಕೂ ಕಲ್ಲು ಹಾಕಿದೆ, ಇನ್ನು ನನ್ನ ಹಿಂಡಿಯನ್ನು ಯಾರು ಕೊಳ್ಳುತ್ತಾರೆ, ನಿನ್ನ ಸಿಟ್ಟಿಗೆ ನಾನೇ ಸಿಕ್ಕೆನೇ ಎಂದು ಬಾಯಿಗೆ ಬಂದಂತೆ ಬೈದು ಹೋದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ, ದುರ್ಗಾದೇವಿ ತಲೆ ತಗ್ಗಿಸಿ ಕೇಳಿಸಿಕೊಂಡಳು. ದೇವಿಂದ್ರ ಕೂಗಾಡಿದ. ಊರಲ್ಲಿ ಇನ್ನು ಯಾವ ಖಾನಾವಳಿಯವನು ತೆಗೆದುಕೊಳ್ಳುತ್ತಾನೆ, ನಾಳೆ ಒಲೆ ಹೇಗೆ ಹೊತ್ತುತ್ತದೆ ಎಂದ. ಅವಳು, ನೀನು ಹೋಗಿ ಗಾಡಿ ಓಡಿಸು, ಒಲೆ ಹೊತ್ತುತ್ತದೆ ಎಂದಷ್ಟೇ ಹೇಳಿದಳು.

ಆಮೇಲೆ ಬೇಳೆ ಬೇಯಿಸಿದಳು, ಬದನೆಕಾಯಿ ಹೆಚ್ಚಿ ಎಣ್ಣೆಗಾಯಿ ಮಾಡಿದಳು. ಪಡಸಾಲೆಯಲ್ಲಿ ನಾಲ್ಕು ತಾಟು ಸಾಲಾಗಿ ಇಟ್ಟಳು. ಬಹಳ ದಿನಗಳ ಮೇಲೆ ನಾಲ್ಕು. ಬೋರಲು ಬಿದ್ದಿದ್ದ ಮಾವನ ತಾಟನ್ನು ಎಲ್ಲ ಪಾತ್ರೆಗಳ ಜೊತೆ ತೊಳೆದು ಮೊದಲು ಅದಕ್ಕೇ ಬಡಿಸಿದಳು. ಲಾಲಮ್ಮ ಬಂದು ಕುಳಿತಳು, ದೇವಿಂದ್ರ ಮುಖ ಗಂಟು ಹಾಕಿಕೊಂಡು ಕುಳಿತ. ಅಮಾತೆಪ್ಪ ಹೊರಗೆ ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಆಗಲೇ ಕುಳಿತುಬಿಟ್ಟಿದ್ದ.

“ಮಾವ, ಒಳಗ ಬರ್ರಿ ಊಟಕ್ಕ.”

“ಇಲ್ಲೇ ಗಾಳಿ ಛಲೋ ಅದ. ಇಲ್ಲೇ ಕೊಡವ್ವ.”

“ನಂದು ತಪ್ಪಾಗೇದ್ರಿ. ನಿಮ್ಮ ಕಾಲ್ ಬೀಳ್ತೀನಿ, ಒಳಗ ಬರ್ರಿ.”

“ನೀ ಯಾಕ ಅಷ್ಟು ಮನಸಿಗಿ ಹಚ್ಕೋತಿ,” ಎಂದ ಅಮಾತೆಪ್ಪ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. “ಹೊರಗ ಕುಂತು ಉಣ್ಣೂದು ನನಗ ಸಣ್ಣಾಂವ ಇದ್ದಾಗಿಂದ ಗೊತ್ತದ. ಮನ್ಯಾಗ ಒಂದ ಇದ್ದಿದ್ದಿಲ್ಲ. ಅದೂ ಆತು.”

ದುರ್ಗಾದೇವಿ ಒಳಗೆ ಹೋಗಿ ಅವನ ತಾಟು ಎತ್ತಿಕೊಂಡು ಬಂದಳು. ಹೊಸ್ತಿಲವರೆಗೆ ಬಂದು ನಿಂತಳು. ಅದನ್ನು ಕಟ್ಟೆಯ ಮೇಲಿಡಲು ಅವಳ ಕೈ ಏಳಲಿಲ್ಲ, ಅವನು ಕುಳಿತಲ್ಲಿಂದ ಏಳಲಿಲ್ಲ.